ಗಿಡ ಮಲಗುವ ಹೊತ್ತು

ಆಗಸ್ಟ್ 11, ಭಾನುವಾರ. ಬೆಳಿಗ್ಗೆ 11.20

ನೀರು ಹಾಕಿ ಆಯಿತು. ದೊಡ್ಡದಕ್ಕೆ ಒಂದು ಲೋಟ, ಚಿಕ್ಕದಕ್ಕೆ ಮುಕ್ಕಾಲು. ಎಲೆ ಎಣಿಸಿದೆ. ನಿನ್ನೆ ದೊಡ್ಡದರಲ್ಲಿ ನಲವತ್ತೊಂದು, ಇವತ್ತೂ ನಲವತ್ತೊಂದು. ಸರಿ. ಯಾರೂ ಕಿತ್ತಿಲ್ಲ.

ಎಣಿಸುತ್ತಿದ್ದಾಗ ಹೊರಗೆ ಚಪ್ಪಲಿ ಸದ್ದು. ಕೇಶವಮೂರ್ತಿಯದೇ. ನನ್ನ ಬಾಗಿಲ ಹತ್ತಿರ ನಿಂತ ಹಾಗಾಯಿತು. ನಾನೂ ಉಸಿರು ಬಿಗಿಹಿಡಿದು ನಿಂತೆ. ಆಮೇಲೆ ಬಟ್ಟೆ ಒಣಹಾಕುವ ತಂತಿ ಕಿರ್ ಅಂದಿತು. ಬಟ್ಟೆ ಹರವಲು ಬಂದವನು ಬಾಗಿಲ ಹತ್ತಿರ ಯಾಕೆ ನಿಲ್ಲಬೇಕು?

ಮನೆ ಅವನದು, ನಿಲ್ಲಬಹುದು. ಮುಂದಿನ ದೊಡ್ಡ ಮನೆಯಲ್ಲಿ ಅವನು, ಅವನ ಹೆಂಡತಿ ಇಂದಿರಾ. ಹಿತ್ತಿಲಿನ ಎರಡು ರೂಮಿನ ಯೂನಿಟ್ಟಿನಲ್ಲಿ ನಾನು. ನನ್ನ ಹೆಂಡತಿ ಪದ್ಮಾ ತೀರಿಹೋದಮೇಲೆ, "ಒಬ್ಬನೇ ಏನ್ ಮಾಡ್ತೀಯ ಅಲ್ಲಿ, ಬಾ ಇಲ್ಲಿಗೆ" ಅಂತ ಕರೆದುಕೊಂಡು ಬಂದ. ಒಂದು ಕೀ ಅವನ ಹತ್ತಿರವೂ ಇದೆ. ನಾನು ಬಿದ್ದರೆ ಬಾಗಿಲು ತೆಗೆಯುವುದಕ್ಕೆ ಅಂತ. ಇಪ್ಪತ್ತೆರಡು ವರ್ಷದ ಸ್ನೇಹ.

ಆದ್ದರಿಂದಲೇ ಭಯ. ಅವನು ಜೆ.ಪಿ. — ಜಸ್ಟಿಸ್ ಆಫ್ ದಿ ಪೀಸ್. ಶನಿವಾರ ಹಾರ್ನ್‌ಬಿ ಲೈಬ್ರರಿಯಲ್ಲಿ ಟೇಬಲ್ ಹಾಕಿಕೊಂಡು ಜನರ ಕಾಗದಪತ್ರಕ್ಕೆ ಸಾಕ್ಷಿ ಸಹಿ ಹಾಕುತ್ತಾನೆ. ಸಂಬಳ ಇಲ್ಲ, ಗೌರವ ಮಾತ್ರ. ಆ ಪದವಿ ಬಂದ ದಿನ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ. ಅವನ ಹಿತ್ತಿಲಲ್ಲಿ ಭಂಗಿ ಗಿಡ ಸಿಕ್ಕಿತು ಅಂದರೆ ಅವನ ಜೆ.ಪಿ. ಹೋಗುತ್ತದೆ, ನನ್ನ ಸೂರು ಹೋಗುತ್ತದೆ. ಒಂದೇ ದಿನ, ಎರಡೂ.

ಗೊತ್ತಿದ್ದೂ ಬೆಳೆಸುತ್ತಿದ್ದೇನೆ.

ಆಗಸ್ಟ್ 12

ನಿನ್ನೆ ಯಾಕೆ ಅಂತ ಬರೆಯಲಿಲ್ಲ. ನೋವು ಬಂತು, ಪೆನ್ನು ಬಿಟ್ಟೆ.

ಹೋದ ಚಳಿಗಾಲದಲ್ಲಿ ಸರ್ಪಸುತ್ತು. ಬೆನ್ನಿನಿಂದ ಎಡ ಪಕ್ಕೆ ಬಳಸಿ ಎದೆವರೆಗೆ. ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಅನ್ನುತ್ತಿದ್ದಳು ನಮ್ಮಜ್ಜಿ. ಕೂಡಲಿಲ್ಲ, ಉಳಿದೆ. ಗುಳ್ಳೆ ಒಣಗಿ ಒಂದು ವರ್ಷ. ಹಾವು ಹೋಯಿತು, ವಿಷ ಹೋಗಲಿಲ್ಲ. ಅಂಗಿ ತಾಗಿದರೆ ಬೆಂಕಿಕಡ್ಡಿ ಗೀರಿದ ಹಾಗೆ. ಡಾಕ್ಟರು ಈ ಗಿಡದ್ದೇ ಎಣ್ಣೆ ಬರೆದುಕೊಟ್ಟರು, ಕಾನೂನು ಪ್ರಕಾರವೇ. ನಾಲಿಗೆ ಕೆಳಗೆ ನಾಲ್ಕು ಹನಿ. ಎರಡು ತಿಂಗಳು ಎಡ ಮಗ್ಗುಲಲ್ಲಿ ಮಲಗಿದೆ, ಮಗುವಿನ ಹಾಗೆ. ಆಮೇಲೆ ಅದರ ಬೆಲೆ ನನ್ನ ಪೆನ್ಷನ್ನಿಗೆ ಎಟುಕಲಿಲ್ಲ. ನಿಲ್ಲಿಸಿದೆ.

ಬೇಲಿಯಾಚೆಯ ರಸೆಲ್, ಮೊದಲು ಟ್ರಕ್ ಓಡಿಸುತ್ತಿದ್ದವನು, ನಾನು ತಂತಿಗೆ ಅಂಗಿ ಹಾಕಲು ಕೈ ಎತ್ತಲಾರದೆ ನಿಂತಿದ್ದನ್ನು ನೋಡಿದ. ಮರುದಿನ ಮೊಸರಿನ ಡಬ್ಬಿಯಲ್ಲಿ ಎರಡು ಕಡ್ಡಿ. "ಎರಡೂ ಹೆಣ್ಣು, ಮೇಟ್. ಹೂ ಬಿಡ್ತವೆ. ಹೂವೇ ಔಷಧಿ." ಅಂಗಡಿಯಲ್ಲಿ ಕೊಂಡರೆ ಮೆಡಿಸಿನ್, ಮನೆಯಲ್ಲಿ ಬೆಳೆದರೆ ಅಪರಾಧ. ಅದೂ ಅವನೇ ಹೇಳಿದ, ನಗುತ್ತಾ. ಯಾಕೆ ನಕ್ಕ?

ಆಗಸ್ಟ್ 14

ಸಂಯುಕ್ತಾ ಫೋನ್ ಮಾಡಿದ್ದಳು, ಡನೀಡಿನ್ನಿಂದ. ಫಾರ್ಮಸಿ ಮುಚ್ಚಿ ಮನೆಗೆ ನಡೆಯುತ್ತಾ ಮಾತಾಡುತ್ತಾಳೆ.

"ಅಪ್ಪಾ, ಏನದು ಸೌಂಡು, ಗುಂಯ್ ಅಂತ?"

"ಫ್ಯಾನು."

"ಆಗಸ್ಟ್ ಚಳೀಲಿ ಫ್ಯಾನಾ? ಅಲ್ಲಿ ಎರಡು ಡಿಗ್ರಿ ಇದೆ."

"ಒಗೆದ ಬಟ್ಟೆ ಒಣಗ್ತಾ ಇದೆ."

"ಹೀಟ್ ಪಂಪ್ ಹಾಕ್ಕೊಳ್ಳಿ. ಕೇಶವ ಅಂಕಲ್‌ಗೆ ಹೇಳ್ಲಾ?"

"ಬೇಡ. ಅವನಿಗೆ ಏನೂ ಹೇಳಬೇಡ."

ಅದನ್ನು ಅಷ್ಟು ಜೋರಾಗಿ ಹೇಳಬಾರದಿತ್ತು. ಈಗ ಹೇಳುತ್ತಾಳೆ.

ಆಗಸ್ಟ್ 25, ಭಾನುವಾರ

ಇವತ್ತಿನಿಂದ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು. ಹೂ ಬಿಡಬೇಕಾದರೆ ಹಾಗೆ ಮಾಡಬೇಕಂತೆ. ಯೂಟ್ಯೂಬಿನ ಗಡ್ಡದವನು ಹೇಳಿದ. ರಸೆಲ್ಲೂ ಹೂಂ ಅಂದ.

ಗಿಡದ ದೀಪದ ಟೈಮರ್ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟೆ. ಯೋಚಿಸಿಯೇ. ಒಂಬತ್ತಾದ ಮೇಲೆ ಕರೆಂಟು ಅಗ್ಗ, ಆಗಲೇ ಇಂದಿರಾ ವಾಷಿಂಗ್ ಮಷೀನ್ ಹಾಕುವುದು. ಮೀಟರು ಒಂದೇ, ಎರಡು ಮನೆಗೂ. ಅವಳ ಮಷೀನಿನ ಸದ್ದಿನಲ್ಲಿ ನನ್ನ ದೀಪ ಸೇರಿಹೋಗುತ್ತದೆ. ಕೇಶವ ಬಿಲ್ ಓದುವವನು. ಸಾಲು ಸಾಲು ಓದುತ್ತಾನೆ.

ಗಡ್ಡದವನು ಇನ್ನೊಂದು ಮಾತು ಹೇಳಿದ: ಕತ್ತಲಲ್ಲಿ ಗಿಡ ಮಲಗಿರುತ್ತದೆ, ಯಾವ ಕಾರಣಕ್ಕೂ ಎಬ್ಬಿಸಬೇಡಿ. ಕೇಳಿ ಸಂತೋಷವಾಯಿತು. ಪದ್ಮಾ ಜೀವಮಾನವೆಲ್ಲ ಇದನ್ನೇ ಹೇಳಿದ್ದು. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು. ಒಂದು ಎಸಳು ಕರಿಬೇವು ಬೇಕಾದರೂ ಸಂಜೆಯೊಳಗೇ ಕಿತ್ತಿಡುತ್ತಿದ್ದಳು. ಒಗ್ಗರಣೆಗೆ ಮರೆತರೆ ಕರಿಬೇವಿಲ್ಲದ ಸಾರು. ನಾನು ಗೊಣಗಿದರೆ, "ನಿಮ್ಮನ್ನ ಅರ್ಧ ನಿದ್ದೆಯಲ್ಲಿ ಎಬ್ಬಿಸಿ ಕೂದಲು ಕಿತ್ರೆ ಹೇಗಿರುತ್ತೆ?" ಅನ್ನುತ್ತಿದ್ದಳು. ಬಿ.ಎಸ್ಸಿ. ಬಾಟನಿ ಓದಿದವನು ನಾನು. ನಗುತ್ತಿದ್ದೆ. ಈಗ ನೋಡು, ಸೈನ್ಸೂ ಅವಳ ಕಡೆಗೇ ಬಂತು.

ಹಾಗಾಗಿ ಕ್ರಮ ಇದು. ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ. ರೂಮಿನ ಟ್ಯೂಬ್‌ಲೈಟ್ ಹಾಕಿ, ಗಿಡಕ್ಕೆ ಕಟ್ಟಿದ ಕಪ್ಪು ಟೆಂಟಿನ ಜಿಪ್ ತೆಗೆದು, ನೀರು, ಎಲೆ ಎಣಿಕೆ, ಕೊನೆಗೆ ವಾಸನೆ ಮುಚ್ಚಲು ಸಾಂಬ್ರಾಣಿ. ದೀಪ ಹಚ್ಚಿದ ಮೇಲೆ ಆ ಬಾಗಿಲ ಕಡೆ ತಲೆಯೂ ಹಾಕುವುದಿಲ್ಲ.

ಸೆಪ್ಟೆಂಬರ್ 12

ಹದಿನೆಂಟು ದಿನ. ಹೂ ಇಲ್ಲ. ಗಡ್ಡದವನ ಗಿಡಕ್ಕೆ ಹತ್ತು ದಿನಕ್ಕೆ ಬಿಳಿ ಕೂದಲು ಬಂದಿತ್ತು. ನನ್ನವು ಸುಮ್ಮನೆ ನಿಂತಿವೆ. ಹೊಸ ಎಲೆ ಮುರುಟು. ಐದು ಬೆರಳಿರಬೇಕಾದ ಎಲೆಗೆ ಒಂದೇ ಬೆರಳು.

ನಾಲ್ಕಕ್ಕೆ ಮತ್ತೆ ನೋಡಿದೆ. ಎಲೆ ಇಳಿಬಿದ್ದಿವೆ. ಯಾರೋ ಬೈದ ಹಾಗೆ.

ಸೆಪ್ಟೆಂಬರ್ 15, ಭಾನುವಾರ

ಕೇಶವನ ಜೊತೆ ವಾಕಿಂಗ್. ಗೋಡೌನುಗಳ ಹಿಂದಿನ ರಸ್ತೆ. ನಾನು ಹದಿನೈದು ವರ್ಷ ಸ್ಟಾಕ್ ಎಣಿಸಿದ ಗೋಡೌನು ಈಗ ಬೇರೆಯವರದು, ಬೋರ್ಡು ಬದಲಾಗಿದೆ. ಅವನು ಸುಮ್ಮನೆ ನಡೆಯುತ್ತಿದ್ದವನು ಇದ್ದಕ್ಕಿದ್ದ ಹಾಗೆ—

"ಏನೋ ಮೌಳಿ, ದಿನಾ ಸಾಂಬ್ರಾಣಿ ಹಾಕ್ತೀಯಂತೆ? ಸನ್ಯಾಸ ತಗೊಂಡ್ರಾ ಅಂತ ಇಂದಿರಾ ಕೇಳ್ತಿದ್ಲು."

"ವಯಸ್ಸಾಯ್ತಲ್ಲ. ದೇವರು ನೆನಪಾಗ್ತಾನೆ."

"ಪದ್ಮಾವತಿ ಇದ್ದಾಗ ದೇವರ ಮನೆಗೆ ಕಾಲಿಡ್ತಿರಲಿಲ್ಲ ನೀನು."

"ಅವಳಿದ್ದಾಗ ಅವಳೇ ನೋಡ್ಕೋತಿದ್ಲು. ನನಗೇನು ಕೆಲಸ?"

ನಕ್ಕ. ಆ ನಗುವನ್ನು ಮನೆಗೆ ಬಂದು ಮೂರು ಸಲ ನೆನಪಿಸಿಕೊಂಡೆ. ಬಾಯಿ ನಕ್ಕಿತು, ಕಣ್ಣು ನಕ್ಕಿತೋ ಇಲ್ಲವೋ.

ಆಮೇಲೆ ಅವನ ಜೆ.ಪಿ. ಪುರಾಣ. ನಿನ್ನೆ ಒಬ್ಬ ಹುಡುಗಿ ಏನೋ ಡಿಕ್ಲರೇಷನ್ ತಂದಿದ್ದಳಂತೆ. ಇದರಲ್ಲಿ ಬರೆದಿರೋದು ಸತ್ಯವಾ ಅಂತ ಇವನು ಕೇಳಿದ್ದಕ್ಕೆ ಅತ್ತುಬಿಟ್ಟಳಂತೆ. "ಸುಮ್ನೆ ವಾಡಿಕೆ ಪ್ರಶ್ನೆ ಅದು. ಎಲ್ರೂ ಯೆಸ್ ಅಂತಾರೆ. ಆದ್ರೂ ಕೇಳೋವಾಗ ಪ್ರತಿ ಸಲ ಮೈ ಜುಂ ಅನ್ನತ್ತೆ ಕಣೋ."

ಇದನ್ನು ನನಗೇ ಯಾಕೆ ಹೇಳಿದ?

ಸೆಪ್ಟೆಂಬರ್ 21

ನೋವು. ಮೂರು ದಿನದಿಂದ. ಬರೆಯಲಾಗದು.

ಸೆಪ್ಟೆಂಬರ್ 28, ಶನಿವಾರ

ಹೂ ಬಂತು ಅಂದುಕೊಂಡೆ. ಅಲ್ಲ. ಅಲ್ಲೊಂದು ಇಲ್ಲೊಂದು ಬಿಳಿ ಕೂದಲು, ಮಧ್ಯೆ ಹಳದಿ ಬಾಳೆಹಣ್ಣಿನಂಥದು, ಅಕ್ಕಿಕಾಳಿನಷ್ಟು. ಫೋಟೋ ತೆಗೆದು ಬೇಲಿ ಹತ್ತಿರ ರಸೆಲ್‌ಗೆ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ ನೋಡಿದ.

"ಹೆಣ್ಣು ಗಿಡ ಗಂಡು ಹೂ ಬಿಟ್ಟಿದೆ, ಮೇಟ್. ಹೆದರಿಕೊಂಡರೆ ಹಾಗೆ ಮಾಡ್ತದೆ. ಬೀಜ ಕಟ್ಟತ್ತೆ, ಔಷಧಿ ಕಟ್ಟಲ್ಲ."

"ಹೆದರಿಕೆ ಯಾತಕ್ಕೆ?"

"ಕತ್ತಲಲ್ಲಿ ಬೆಳಕು ಬಿದ್ದಿದೆ. ಯಾರೋ ಅದರ ನಿದ್ದೆ ಹೊತ್ತಲ್ಲಿ ಟೆಂಟ್ ತೆಗೀತಿದ್ದಾರೆ."

ಯಾರೋ.

ನಾನು ದೀಪ ಹಚ್ಚಿದ ಮೇಲೆ ಹೋಗುವುದಿಲ್ಲ. ಒಂದು ದಿನವೂ ಹೋಗಿಲ್ಲ. ಪದ್ಮಾಳ ಆಣೆ. ಇನ್ನು ಕೀ ಇರುವುದು ಯಾರ ಹತ್ತಿರ?

ಸೆಪ್ಟೆಂಬರ್ 29

ಟೈಮರು ಒಂದು ಗಂಟೆ ಹಿಂದಿದೆ! ಯಾರೋ ತಿರುಗಿಸಿದ್ದಾರೆ. ಒಂದು ಗಂಟೆ ಕೂತು ಯೋಚಿಸಿದೆ. ಆಮೇಲೆ ಇಂದಿರಾ ಹೊರಗಿನಿಂದ, "ಗಡಿಯಾರ ಒಂದು ಗಂಟೆ ಮುಂದಕ್ಕೆ ಇಟ್ಕೊಂಡ್ರಾ? ಇವತ್ತಿಂದ ಸಮ್ಮರ್ ಟೈಮು" ಅಂದಳು.

ಸರಿ. ತಿರುಗಿಸಿ ಮತ್ತೆ ಒಂಬತ್ತಕ್ಕೇ ಇಟ್ಟೆ.

ಆದರೂ.

ಅಕ್ಟೋಬರ್ 1

ಅವನು ಬರುತ್ತಾನೆ, ನೋಡುತ್ತಾನೆ, ಬಾಯಿ ಬಿಡುವುದಿಲ್ಲ. ಪೊಲೀಸಿಗೆ ಹೇಳಿದರೆ ಅವನ ಹೆಸರೂ ಕೆಡುತ್ತದೆ. ಅದಕ್ಕೇ ಗಿಡ ತಾನಾಗಿ ಕೆಡಲಿ ಅಂತ ಟೆಂಟ್ ತೆಗೆದು ಬೆಳಕು ಬಿಡುತ್ತಾನೆ. ಜೆ.ಪಿ. ಬುದ್ಧಿ. ಕೈಗೆ ಮಸಿ ಹತ್ತಬಾರದು. ನಾನು ಅವನ ಜಾಗದಲ್ಲಿದ್ದರೆ ಹೀಗೇ ಮಾಡುತ್ತಿದ್ದೆ.

ಪದ್ಮಾಳ ರಂಗೋಲಿ ಪುಡಿ ಡಬ್ಬಿ ಹುಡುಕಿದೆ. ಮಲಗುವ ಮುಂಚೆ ಗಿಡದ ರೂಮಿನ ಹೊಸಿಲಿಗೆ ತೆಳ್ಳಗೆ ಹರವಿದೆ.

ಅಕ್ಟೋಬರ್ 2

ಪುಡಿ ಹಾಗೇ ಇದೆ. ಹೆಜ್ಜೆ ಇಲ್ಲ.

ಅಂದರೆ ರಾತ್ರಿ ಬರುವುದಿಲ್ಲ. ನಾನು ಇಲ್ಲದಿದ್ದಾಗ ಬರುತ್ತಾನೆ. ನಾಳೆ ಕ್ಲಿನಿಕ್ಕಿಗೆ ಹೋಗಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು. ಅವನಿಗೆ ಗೊತ್ತು.

ಅಕ್ಟೋಬರ್ 3, ಗುರುವಾರ. ಸಂಜೆ

ಸಿಕ್ಕಿತು.

ಹೊರಡುವ ಮುಂಚೆ ಪುಡಿ ಹರವಿದೆ. ಆತುರ. ಕ್ಲಿನಿಕ್ಕಿನ ಫೈಲು ಎಲ್ಲಿಟ್ಟೆ ಅಂತ ಮನೆಯೆಲ್ಲ ತಡಕಾಡಿ, ತೆಗೆದುಕೊಂಡು, ಬಸ್ಸು ಹಿಡಿದೆ. ವಾಪಸ್ ಬಂದು ನೋಡಿದರೆ ಹೊಸಿಲ ಮೇಲೆ ಹೆಜ್ಜೆ. ಬಲಗಾಲು. ಐದು ಬೆರಳೂ ಸ್ಪಷ್ಟ. ಒಳಗೆ ಹೋಗುವ ದಿಕ್ಕು.

ಅದರ ಮೇಲೆ ಒಂದು ತಟ್ಟೆ ಕವುಚಿ ಇಟ್ಟಿದ್ದೇನೆ. ಸಾಕ್ಷಿ.

ಅಕ್ಟೋಬರ್ 4, ಶುಕ್ರವಾರ

ಮಾಡಬಾರದ್ದು ಮಾಡಿದೆ. ಮಾತು ನಡೆದ ಹಾಗೇ ಬರೆದಿಡುತ್ತೇನೆ. ನಾಳೆ ನಾನೇ ತಿರುಚಿ ಹೇಳಿಕೊಳ್ಳಬಾರದು.

ಅವರ ಅಡುಗೆಮನೆ. ಇಂದಿರಾ ಚಿತ್ರಾನ್ನ ಕಲಸುತ್ತಿದ್ದಳು. ಕೇಶವ ಪೇಪರ್ ನೋಡುತ್ತಿದ್ದ. ನಿಂತೇ ಕೇಳಿದೆ.

"ಕೇಶವ, ನನ್ನ ಗಿಡಕ್ಕೆ ಯಾಕೆ ಕೈ ಹಾಕಿದೆ?"

"ಯಾವ ಗಿಡಾನೋ? ಕರಿಬೇವಾ?"

"ನಾಟಕ ಬೇಡ. ರೂಮಲ್ಲಿರೋದು. ನಿನ್ನ ಹತ್ರ ಕೀ ಇದೆ. ಟೆಂಟ್ ತೆಗೀತಿದ್ದೀಯ. ಹೆಜ್ಜೆ ಗುರುತಿದೆ ನನ್ನ ಹತ್ರ."

"ಟೆಂಟಾ? ಮನೆ ಒಳಗ್ಯಾಕೋ ಟೆಂಟು?"

ಅವನ ಮುಖ ನೋಡಿದೆ. ನಿಜವಾಗಿಯೂ ಏನೂ ಗೊತ್ತಿಲ್ಲದ ಮುಖ. ಅಲ್ಲಿಗೇ ನಿಲ್ಲಿಸಬಹುದಿತ್ತು. ಕರಿಬೇವೇ ಕಣೋ ಅನ್ನಬಹುದಿತ್ತು. ಆದರೆ ಆರು ವಾರ ಕಟ್ಟಿಟ್ಟ ಮಾತು, ತಡೆದರೆ ನಿಲ್ಲುತ್ತದೆಯೇ? ಎಲ್ಲ ಹೇಳಿಬಿಟ್ಟೆ. ಭಂಗಿ ಅಂತಲೂ ಹೇಳಿದೆ.

ಇಂದಿರಾ ಕೈ ತೊಳೆದುಕೊಂಡಳು. "ನಾನು ಸಾಂಬ್ರಾಣಿ ಅಂದ್ಕೊಂಡಿದ್ದೆ" ಅಂದಳು, ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ.

ಕೇಶವ ಪೇಪರ್ ಮಡಿಸಿದ. "ಎಷ್ಟು ದಿನದಿಂದ?"

"ಜುಲೈಯಿಂದ. ನೋವು ಕೇಶವ, ನಿನಗೆ ಗೊತ್ತಿಲ್ಲ..."

"ನೋವು ಗೊತ್ತು. ಗಿಡ ಗೊತ್ತಿರಲಿಲ್ಲ. ನನಗೆ ಹೇಳಬೇಕಿತ್ತು."

"ಹೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ. ಅದಕ್ಕೇ ಹೇಳಬೇಕಿತ್ತು."

ಹೆಜ್ಜೆ, ಹೆಜ್ಜೆ ಅಂದೆ ಮತ್ತೆ. ಬರಿಗಾಲಿನ ಹೆಜ್ಜೆ.

ಕಾಲು ಮುಂದೆ ಚಾಚಿದ. ಕಾಲುಚೀಲ, ಅದರ ಮೇಲೆ ಮೆತ್ತನೆಯ ಚಪ್ಪಲಿ. "ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲಿಗೆ ಗಾಯ ಆದ್ರೆ ಕತ್ತರಿಸ್ಬೇಕಾಗುತ್ತೆ ಅಂತ ಡಾಕ್ಟರು ಹೆದರಿಸಿದ್ದಾರೆ. ಬಚ್ಚಲಲ್ಲೂ ಚಪ್ಪಲಿ. ಇಷ್ಟು ವರ್ಷದಲ್ಲಿ ನಾನು ಬರಿಗಾಲಲ್ಲಿ ಓಡಾಡಿದ್ದು ನೋಡಿದ್ದೀಯಾ?"

ನೋಡಿಲ್ಲ.

"ಪ್ರತಿ ಶನಿವಾರ ಜನರ ಮುಂದೆ ಕೂತು ಸತ್ಯ ಹೇಳ್ತಿದ್ದೀರಾ ಅಂತ ಕೇಳ್ತೀನಿ ಕಣೋ ನಾನು. ನನ್ನ ಹಿತ್ತಿಲಲ್ಲೇ ಇದು. ಪೊಲೀಸ್ ಬಂದಿದ್ರೆ ಗೊತ್ತಿರಲಿಲ್ಲ ಅಂತಿದ್ದೆ. ಯಾರು ನಂಬ್ತಿದ್ರು? ನೀನು ನಂಬಿದ್ಯಾ?"

ಮಡಿಸಿದ ಪೇಪರನ್ನು ಪಕ್ಕಕ್ಕಿಟ್ಟು ಅಂದ: "ಈ ತಿಂಗಳ ಕೊನೆವರೆಗೆ ಇರು. ಬೇರೆ ಮನೆ ನೋಡ್ಕೋ."

ಇಂದಿರಾ ಚಿತ್ರಾನ್ನ ಡಬ್ಬಿಗೆ ಹಾಕಿ ಕೈಗೆ ಕೊಟ್ಟಳು. ಬೇಡ ಅನ್ನಲಿಲ್ಲ. ತಿನ್ನಲೂ ಇಲ್ಲ.

ಅಕ್ಟೋಬರ್ 9

ಐದು ದಿನ ಯಾರೂ ಬಾಗಿಲ ಹತ್ತಿರ ನಿಂತಿಲ್ಲ. ಬಟ್ಟೆಯನ್ನೂ ಮನೆಯೊಳಗೇ ಒಣಹಾಕುತ್ತಿದ್ದಾರೆ.

ತಟ್ಟೆ ಎತ್ತಿದೆ. ಹೆಜ್ಜೆ ಇನ್ನೂ ಇದೆ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಹಾಗಿದ್ದರೆ ಗಂಡ ಹೆಂಡತಿಯ ಮಾತು ಕೇಳುವುದಿಲ್ಲ ಅಂತ ಪದ್ಮಾ ಆಡಿಕೊಳ್ಳುತ್ತಿದ್ದಳು.

ನನ್ನ ಕಾಲು ಇಟ್ಟು ನೋಡಿದೆ.

ಫೈಲು ಆ ರೂಮಿನಲ್ಲೇ ಇತ್ತು. ಅವತ್ತು ಒಳಗೆ ಹೋಗಿ ತಂದಿದ್ದೆ. ಪುಡಿ ದಾಟಿದೆ ಅಂದುಕೊಂಡಿದ್ದೆ.

ಆದರೆ ಹೆಜ್ಜೆ ನನ್ನದಾದರೆ ಗಿಡ ಕೆಡಿಸಿದ್ದು ಯಾರು? ರಸೆಲ್? ಅವನಿಗೆ ಕೀ ಎಲ್ಲಿ? ಕಿಟಕಿ? ಕಿಟಕಿಗೆ ಕಪ್ಪು ಶೀಟು ಅಂಟಿಸಿದೆ, ಒಳಗಿನಿಂದ.

ಅಕ್ಟೋಬರ್ 11, ಶುಕ್ರವಾರ

ರಸೆಲ್‌ನನ್ನು ಬೇಲಿ ಹತ್ತಿರ ತಡೆದು ನಿಲ್ಲಿಸಿದೆ. ಬೈಯಬೇಕು ಅಂತಲೇ ಹೋಗಿದ್ದೆ. ಅವನು ಸುಮ್ಮನೆ ಕೇಳಿದ.

"ದೀಪ ಯಾವಾಗ ಹತ್ತುತ್ತೆ?"

"ರಾತ್ರಿ ಒಂಬತ್ತು."

"ಆರೋದು?"

"ಬೆಳಿಗ್ಗೆ ಒಂಬತ್ತು."

"ನೀರು?"

"ಹನ್ನೊಂದಕ್ಕೆ. ಮತ್ತೆ ನಾಲ್ಕಕ್ಕೆ. ಟ್ಯೂಬ್‌ಲೈಟ್ ಹಾಕಿಕೊಂಡು."

ಬೇಲಿಯ ಮೇಲೆ ಮೊಣಕೈ ಊರಿ ನನ್ನನ್ನೇ ನೋಡಿದ. "ಮೇಟ್... ಅವಕ್ಕೆ ಅದು ನಡುರಾತ್ರಿ. ದಿನಕ್ಕೆರಡು ಸಲ ಹೋಗಿ ಲೈಟ್ ಹಾಕಿ ಎಬ್ಬಿಸ್ತಿದ್ದೀಯ. ರಾತ್ರಿ ದೀಪ ಉರಿಯೋವಾಗ ಯಾಕೆ ಹೋಗ್ಲಿಲ್ಲ?"

ಹೇಗೆ ಹೇಳುವುದು? ನನ್ನ ಇಂಗ್ಲಿಷು ಮೈಸೂರಿನ ಕಾಲೇಜಿನಲ್ಲೇ ನಿಂತುಹೋಗಿದೆ. "ಆಫ್ಟರ್ ಲೈಟಿಂಗ್ ಲ್ಯಾಂಪ್, ನೋ ಟಚಿಂಗ್ ಪ್ಲಾಂಟ್. ಮೈ ಲೇಟ್ ವೈಫ್ ವಾಸ್ ಸ್ಟ್ರಿಕ್ಟ್" ಅಂದೆ. ಅವನು ನಗಲಿಲ್ಲ. ತಲೆಯಾಡಿಸಿದ.

ಫೋಟೋಪೀರಿಯಾಡಿಸಂ. ಎರಡನೇ ವರ್ಷ, ಹತ್ತು ಮಾರ್ಕಿನ ಪ್ರಶ್ನೆ. ದೀರ್ಘ ರಾತ್ರಿಯ ನಡುವೆ ಒಂದು ನಿಮಿಷ ಬೆಳಕು ಬಿದ್ದರೂ ಸಾಕು, ಗಿಡ ಹೂ ಬಿಡುವುದಿಲ್ಲ. ಬರೆದಿದ್ದೆ. ಚಿತ್ರ ಸಮೇತ. ಎಂಟು ಮಾರ್ಕು ಬಂದಿತ್ತು.

ಪದ್ಮಾಳದು ತಪ್ಪಲ್ಲ. ದೀಪ ಹಚ್ಚಿದ ಮೇಲೆ ಅಂದಳು. ಸೂರ್ಯನನ್ನು ಸ್ವಿಚ್ಚಿನಲ್ಲಿ ಹಿಂದುಮುಂದು ಮಾಡಿದ್ದು ನಾನು. ಟೆಂಟಿನೊಳಗೆ ಬೆಳಗು ಆಗುವುದೇ ರಾತ್ರಿ ಒಂಬತ್ತಕ್ಕೆ, ಅದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಳ್ಳ ನಾನೇ. ಎರಡು ವಾರ ನನ್ನನ್ನೇ ಕಾದೆ.

ಎರಡೂ ಗಿಡ ಕಿತ್ತೆ. ತುಂಡು ಮಾಡಿ ಬಕೆಟ್ಟಿಗೆ. ನಮ್ಮ ಮನೆಯ ಹಸಿರು ಕಸದ ಬಿನ್ನಿಗೆ ಹಾಕಿದರೆ ಮತ್ತೆ ಕೇಶವನ ವಿಳಾಸ. ರಸೆಲ್ ತನ್ನ ಬಿನ್ನಿಗೆ ಹಾಕಿಸಿಕೊಂಡ.

ಚಿಕ್ಕದರ ಬುಡದಲ್ಲಿ ಒಂದು ಒಳ್ಳೆಯ ಚಿಗುರಿತ್ತು. ಅದನ್ನು ಮಾತ್ರ ಲೋಟದ ನೀರಿಗೆ ಹಾಕಿ ಬಚ್ಚಲಿನ ಸಿಂಕಿನ ಕೆಳಗೆ ಇಟ್ಟೆ. ಬೇರು ಬಿಟ್ಟರೆ ಬಿಡಲಿ. ಹೊಸ ಮನೆಗೆ ಒಯ್ಯಬಹುದು.

ಅಕ್ಟೋಬರ್ 12, ಶನಿವಾರ

ಮುಖ ಕೊಟ್ಟು ಮಾತಾಡುವ ಧೈರ್ಯ ಇಲ್ಲ. ಅವನು ನಂಬುವುದು ಕಾಗದ. ಆದ್ದರಿಂದ ಕಾಗದ ಬರೆದೆ, ಇಂಗ್ಲಿಷಿನಲ್ಲೇ, ಫಾರಮ್ಮಿನಲ್ಲಿ ಇರುವ ಹಾಗೆ. ಐ, ಚಂದ್ರಮೌಳಿ, ಸಾಲೆಮ್ನ್ಲಿ ಅಂಡ್ ಸಿನ್ಸಿಯರ್ಲಿ ಡಿಕ್ಲೇರ್. ಒಂದು: ಶ್ರೀ ಕೇಶವಮೂರ್ತಿ ಎಂದೂ ನನ್ನ ರೂಮಿಗೆ ಬಂದಿಲ್ಲ. ಎರಡು: ಹೆಜ್ಜೆ ನನ್ನದೇ, ಫುಟ್‌ಪ್ರಿಂಟ್ ವಾಸ್ ಮೈ ಓನ್. ಮೂರು: ಅವರಿಗೆ ಏನೂ ತಿಳಿದಿರಲಿಲ್ಲ. ನಾಲ್ಕು: ಗಿಡಗಳನ್ನೆಲ್ಲ ನಾಶ ಮಾಡಿದ್ದೇನೆ, ಯಾವುದೂ ಉಳಿದಿಲ್ಲ.

ಬಸ್ಸಿನಲ್ಲಿ ಲೈಬ್ರರಿಗೆ ಹೋದೆ. ಇಬ್ಬರು ಜೆ.ಪಿ., ಎರಡು ಟೇಬಲ್. ಒಂದರಲ್ಲಿ ಬಿಳಿ ಕೂದಲಿನ ಹೆಂಗಸು, ಹೆಸರು ಲೊರೇನ್ ಅಂತ ಬೋರ್ಡು. ಇನ್ನೊಂದರಲ್ಲಿ ಕೇಶವ, ಟೈ ಕಟ್ಟಿಕೊಂಡು. ಸಾಲಿನಲ್ಲಿ ಕೂತೆ. ನನ್ನ ಮುಂದೆ ಪಾಸ್‌ಪೋರ್ಟ್ ಕಾಪಿ ಹಿಡಿದ ಒಬ್ಬ. ಲೊರೇನ್ ಬಿಡುವಾಗಿ ನನ್ನನ್ನು ಕರೆದಳು. ಐ ವಿಲ್ ವೇಟ್ ಅಂದೆ.

ನನ್ನ ಸರದಿ. ಕಾಗದ ಮುಂದಿಟ್ಟೆ. ಕೇಶವ ಓದಿದ. ಬಿಲ್ ಓದುವ ಹಾಗೆ, ಸಾಲು ಸಾಲು. ಕೊನೆಗೆ ಕನ್ನಡಕ ತೆಗೆದು, ಕನ್ನಡದಲ್ಲಿ, ತುಂಬ ಮೆಲ್ಲಗೆ:

"ಇದಕ್ಕೆ ನಾನು ಸಹಿ ಹಾಕೋ ಹಾಗಿಲ್ಲ. ನನ್ನ ಹೆಸರೇ ಇದೆ ಇದರಲ್ಲಿ. ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್. ಪಕ್ಕದ ಟೇಬಲ್ಲಿಗೆ ಹೋಗ್ತೀಯಾ?"

ಇಬ್ಬರೂ ಲೊರೇನ್ ಕಡೆ ನೋಡಿದೆವು. ಅವಳು ನಮ್ಮ ಕಡೆ ನೋಡಿ ನಕ್ಕಳು.

"ಬೇಡ" ಅಂದೆ.

"ಬೇಡ ಅನ್ಸತ್ತೆ ನನಗೂ. ಪೂರ್ತಿ ತಪ್ಪೊಪ್ಪಿಗೆ ಬರ್ಕೊಂಡು ಬಂದಿದ್ದೀಯಲ್ಲೋ, ಮಂಕೇ. ಅದೂ ಲೈಬ್ರರಿಗೆ." ಮುಖ ನಗಲಿಲ್ಲ. "ಆದ್ರೂ ಒಂದು ಕೇಳ್ತೀನಿ. ಎಲ್ರಿಗೂ ಕೇಳೋದೇ. ಇದರಲ್ಲಿ ಬರೆದಿರೋದೆಲ್ಲ ಸತ್ಯವಾ?"

ವಾಡಿಕೆ ಪ್ರಶ್ನೆ. ಎಲ್ಲರೂ ಯೆಸ್ ಅನ್ನುತ್ತಾರೆ. ಬಾಯಿ ತೆರೆದೆ. ಒಂದು, ಎರಡು, ಮೂರು ಸತ್ಯ. ನಾಲ್ಕು... ಲೋಟದ ನೀರು ಕಣ್ಣ ಮುಂದೆ ಬಂತು.

ಅವನು ಕಾದ. ಹಿಂದಿನವರು ಕೆಮ್ಮಿದರು.

ಕಾಗದವನ್ನು ನನ್ನ ಕಡೆ ತಳ್ಳಿದ. "ಸತ್ಯ ಆದಾಗ ಹೇಳು. ಕಾಗದ ಬೇಡ." ಆಮೇಲೆ ಇಂಗ್ಲಿಷಿನಲ್ಲಿ, ನನ್ನ ಭುಜದ ಆಚೆಗೆ: "ನೆಕ್ಸ್ಟ್, ಪ್ಲೀಸ್."

ಅಕ್ಟೋಬರ್ 14

ಹೇಗೆ ಗೊತ್ತಾಯಿತು ಅವನಿಗೆ? ಮನೆಗೆ ಬಂದು ಮೊದಲು ಕಿಟಕಿ ನೋಡಿದೆ, ಬಚ್ಚಲಿನ ಚಿಲಕ ನೋಡಿದೆ. ಥೂ. ಇನ್ನೂ ಬಿಟ್ಟಿಲ್ಲ ನನ್ನ ಬುದ್ಧಿ. ಯಾರೂ ಬಂದಿಲ್ಲ. ನನ್ನ ಮುಖವೇ ಹೇಳಿತು. ಅಷ್ಟು ವರ್ಷ ನೋಡಿದ ಮುಖ.

ಅಕ್ಟೋಬರ್ 16

ಬೇರು ಬಿಟ್ಟಿದೆ. ಬಿಳಿ, ಸೂಜಿಯಷ್ಟು, ಮೂರು.

ಪಕ್ಕೆ ಉರಿ. ಅಂಗಿ ಬಿಚ್ಚಿ ಕೂತಿದ್ದೇನೆ. ಸಂಯುಕ್ತಾಗೆ ಎಲ್ಲ ಹೇಳಿದೆ, ಗಿಡದಿಂದ ಲೈಬ್ರರಿವರೆಗೆ. ಮೂಗು ಎಳೆದ ಸದ್ದು ಕೇಳಿಸಿತು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. ಆಮೇಲೆ ಅತ್ತಳು.

"ಎಣ್ಣೆ ನಿಲ್ಸಿದ್ದು ನಂಗೆ ಯಾಕೆ ಹೇಳ್ಲಿಲ್ಲ? ಐ ವರ್ಕ್ ಇನ್ ಅ ಫಾರ್ಮಸಿ, ಅಪ್ಪಾ."

"ನೀನು ಕೊಡಿಸ್ತೀನಿ ಅಂತಿದ್ದೆ."

"ಹೌದು, ಅಂತಿದ್ದೆ."

ಇವಳೂ ಅವನ ಹಾಗೇ ಮಾತಾಡುತ್ತಾಳೆ. ಡಾಕ್ಟರಿಗೆ ಫೋನ್ ಮಾಡುತ್ತಾಳಂತೆ. ಎರಡು ವಾರ ಆಗಬಹುದು, ಜಾಸ್ತಿಯೂ ಆಗಬಹುದು. ಅಲ್ಲಿಯವರೆಗೆ ಪಕ್ಕೆ ಪಕ್ಕೆಯೇ.

ಎರಡು ವಾರದಲ್ಲಿ ಈ ಮನೆಯೂ ಇರುವುದಿಲ್ಲ.

ಅಕ್ಟೋಬರ್ 18, ಶುಕ್ರವಾರ

ಲೋಟ ಖಾಲಿ ಮಾಡಿದೆ. ಕಡ್ಡಿ ಮುರಿಯುವಾಗ ವಾಸನೆ ಕೈಗೆ ಹತ್ತಿತು. ಮೂರು ಸಲ ಸೋಪು ಹಾಕಿದೆ. ಟೆಂಟು ಮಡಿಸಿದೆ. ಕಿಟಕಿಯ ಶೀಟು ಕಿತ್ತೆ. ಆ ರೂಮಿಗೆ ಇಷ್ಟು ಬಿಸಿಲು ಬರುತ್ತದೆ ಅಂತಲೇ ಗೊತ್ತಿರಲಿಲ್ಲ.

ಕೇಶವನಿಗೆ ವಾಟ್ಸಾಪ್: ಈಗ ಸತ್ಯ.

ಎರಡು ನೀಲಿ ಟಿಕ್ಕು ಬಂತು. ಉತ್ತರ ಇಲ್ಲ. ಹತ್ತು ಸಲ ನೋಡಿದೆ. ಒಮ್ಮೆ ಟೈಪಿಂಗ್ ಅಂತ ತೋರಿಸಿತು, ನಿಂತುಹೋಯಿತು.

ಅಕ್ಟೋಬರ್ 19, ಶನಿವಾರ. ಬೆಳಿಗ್ಗೆ 9.35

ಬಾಡಿಗೆ ಮನೆಗಳ ಪಟ್ಟಿ ನೋಡುತ್ತಾ ಕೂತಿದ್ದೆ. ಒಂದು ರೂಮು, ರೋಲ್‌ಸ್ಟನ್ ಕಡೆ, ಬಸ್ಸು ಗಂಟೆಗೊಂದು. ನೋವು ಇದೆ, ಆದರೆ ಬರೆಯಬಹುದಾದಷ್ಟು.

ಕೇಶವ ಟೈ ಕಟ್ಟಿಕೊಂಡು ಹೊರಗೆ ಬಂದ. ಕಾರು ಸ್ಟಾರ್ಟ್ ಮಾಡಿದ. ಲೈಬ್ರರಿ ಹತ್ತಕ್ಕೆ, ಅವನು ಯಾವಾಗಲೂ ಒಂಬತ್ತೂವರೆಗೆ ಹೊರಡುತ್ತಾನೆ. ಇವತ್ತು ಹೊರಟಿಲ್ಲ. ಕಾರು ನಿಂತಲ್ಲೇ ಗುರುಗುಟ್ಟುತ್ತಿದೆ. ಯಾರಿಗೆ ಕಾಯುತ್ತಿದ್ದಾನೋ. ಇಂದಿರಾ ಅಡುಗೆಮನೆಯಲ್ಲೇ ಇದ್ದಾಳೆ, ಕಿಟಕಿಯಲ್ಲಿ ಕಾಣುತ್ತಾಳೆ, ಇತ್ತಲೇ ನೋಡುತ್ತಿದ್ದಾಳೆ.

ಒಳಗಿನಿಂದಲೇ ಬಾಗಿ ಎಡಗಡೆಯ ಬಾಗಿಲು ತಳ್ಳಿದ. ತೆರೆದೇ ಇದೆ. ಬಾಗಿಲು ಹಾಕದಿದ್ದರೆ ಆ ಕಾರು ಟಿಂಗ್ ಟಿಂಗ್ ಅನ್ನುತ್ತದೆ. ಅನ್ನುತ್ತಲೇ ಇದೆ. ಅವನು ನೇರ ಮುಂದೆ ನೋಡುತ್ತಾ ಕೂತಿದ್ದಾನೆ. ಹಾರ್ನ್ ಮಾಡುತ್ತಿಲ್ಲ.

ನನ್ನ ಅಂಗಿಯ ಗುಂಡಿ ಇನ್ನೂ—